ಬೋಳು ಪಾರಿಜಾತಕ್ಕೆ ಕತ್ತಿ ಬೇಡ

ಬೇಸಿಗೆಯಲ್ಲಿ ಪಾರಿಜಾತ ಎಲೆ ಉದುರಿಸುತ್ತದೆ. ಅಂಗಳದ ಬದಿಯಲ್ಲಿ ಬರೀ ಕಡ್ಡಿ ನಿಂತದ್ದು ಕಂಡು ‘ಸತ್ತಿತು’ ಎಂದು ಬುಡಕ್ಕೇ ಕತ್ತಿ ಹಾಕುವವರಿದ್ದಾರೆ. ಅಜ್ಜಿ ನೆಟ್ಟ ಗಿಡ ಹೀಗೆ ಬಚ್ಚಲೊಲೆಗೆ ಹೋಗುತ್ತದೆ. ಮೊದಲು ಉಗುರಿನಿಂದ ಸಿಪ್ಪೆ ಗೀರಿ ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ, ಮಳೆಗೆ ಚಿಗುರುತ್ತದೆ. ಎಲೆಯಿಲ್ಲದಾಗ ದಿನಾ ಕೊಡಗಟ್ಟಲೆ ನೀರು ಸುರಿಯುವುದೂ ದಂಡವೇ.

ಸವರಲೇಬೇಕೆಂದಿದ್ದರೆ ಹೂವಿನ ಕಾಲ ಮುಗಿದ ಮೇಲೆ ಸವರಿ. ಹೂ ಬರುವುದು ಹೊಸ ಚಿಗುರಲ್ಲಿ. ಮಳೆಗಾಲದ ನಡುವೆ ಕತ್ತಿ ಆಡಿಸಿದರೆ ಆ ವರ್ಷದ ಹೂ ಹೋಯಿತು ಎನ್ನಿ.

ಈ ಗಿಡಕ್ಕೆ ನರ್ಸರಿಗೆ ದುಡ್ಡು ಕೊಡುವುದೇಕೋ, ನನಗಂತೂ ಅರ್ಥವಾಗಿಲ್ಲ. ನೆರೆಮನೆಯಲ್ಲಿ ಒಂದಿದ್ದರೆ ಸಾಕು. ಚಪ್ಪಟೆ ಕಾಯಿ ಒಣಗಿ ಕಂದಾದಾಗ ಕೊಯ್ಯಿರಿ. ಒಂದರಲ್ಲಿ ಎರಡು ಬೀಜ. ಮಣ್ಣು, ಮರಳು, ಹಟ್ಟಿಗೊಬ್ಬರ ತುಂಬಿದ ತೊಟ್ಟೆಯಲ್ಲಿ ಊರಿ. ಎಲ್ಲವೂ ಹುಟ್ಟುವುದಿಲ್ಲ, ಕೈ ಬಿಚ್ಚಿ ಹಾಕಿ. ಅಷ್ಟು ತಾಳ್ಮೆ ಇಲ್ಲವೋ, ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ ಬಲಿತ ಗೆಲ್ಲನ್ನು ಗಿಣ್ಣಿನ ಕೆಳಗೆ ಕೊಯ್ದು, ಗೇಣುದ್ದದ ತುಂಡು ಮಾಡಿ ನೆರಳಲ್ಲಿ ನೆಡಿ. ಕೆಳಗಿನ ಎಲೆ ತೆಗೆಯಿರಿ. ಬೇರು ಬಂತೋ ಎಂದು ಕಿತ್ತು ನೋಡಬೇಡಿ!

ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ತೋಟದ ಚರಂಡಿ ಬದಿ ಬೇಡ, ಅಂಗಳದ ದಿಬ್ಬ ಒಳ್ಳೆಯದು.

ಪೇಟೆಗೆ ಹೋಗುವ ಹೂವಲ್ಲ ಇದು. ರಾತ್ರಿ ಅರಳಿ ಬೆಳಗಾಗುವಾಗ ಉದುರಿರುತ್ತದೆ. ಲಾಭದ ಲೆಕ್ಕ ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಬಿದ್ದ ಹೂ ದೇವರಿಗಾಗದೆಂಬ ಮಾತು ಇದಕ್ಕೆ ಲಾಗೂ ಇಲ್ಲವೆಂದು ಹಿರಿಯರು ರಿಯಾಯಿತಿ ಕೊಟ್ಟಿದ್ದಾರೆ. ರಾತ್ರಿ ಬುಡದಲ್ಲಿ ಹಳೇ ಸೀರೆ ಹಾಸಿಟ್ಟರೆ ಹೆಕ್ಕುವ ಕೆಲಸ ಹಗುರ.