ಎಣ್ಣೆಯ ಶೋಧಕವೂ ತೋಳಿನ ಬಲವೂ

ಮೋಟಾರುಗಾಡಿಯ ಎಂಜಿನ್ನಿನ ಪಕ್ಕದಲ್ಲಿ ತಗಡಿನ ಡಬ್ಬಿಯೊಂದು ತಿರುಪಿನ ಮೇಲೆ ಕುಳಿತಿರುತ್ತದೆ. ಎಣ್ಣೆಯಲ್ಲಿ ಬೆರೆತ ಲೋಹದ ಪುಡಿ, ಮಸಿ ಮೊದಲಾದುವನ್ನು ತಡೆಯುವ ಶೋಧಕವಿದು. ಬಳಕೆಯ ಮಾತಿನಲ್ಲಿ ಆಯಿಲ್ ಫಿಲ್ಟರು. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಇಂತಹ ಶೋಧಕವನ್ನು ಕಾರುಗಳಿಗಾಗಿ ರೂಪಿಸಿದುದು 1920ರ ದಶಕದಲ್ಲಿ. ತಿರುಗಿಸಿ ಕೂರಿಸಿ, ಸವೆದ ಮೇಲೆ ತಿರುಗಿಸಿ ಕಳಚುವ ಡಬ್ಬಿ ಬಳಕೆಗೆ ಬಂದುದು 1950ರ ದಶಕದಲ್ಲಿ. ಮನೆಯಲ್ಲಿಯೇ ಎಣ್ಣೆ ಬದಲಾಯಿಸಲು ಹೊರಟ ತರುಣರು ಕೈಸೋಲುವುದು ಹೆಚ್ಚಾಗಿ ಈ ಡಬ್ಬಿಯ ಮುಂದೆ. ಅದು ಕಚ್ಚಿಕೊಂಡಿರುತ್ತದೆ, ಇವರು ತೋಳಿನ ಬಲವನ್ನೇ ನೆಚ್ಚುತ್ತಾರೆ. ಹೈಸ್ಕೂಲಿನಲ್ಲಿ ಓದಿದ ಭ್ರಾಮಕ, ಘರ್ಷಣೆ ಎಂಬ ಎರಡು ಪಾಠಗಳನ್ನು ನೆನೆದರೆ ಅರ್ಧ ಕೆಲಸ ಮುಗಿದಂತೆಯೇ ಎಂಬುದು ನನ್ನ ಅಭಿಪ್ರಾಯ.

ಲೆಕ್ಕವನ್ನೇ ನೋಡೋಣ. ಡಬ್ಬಿಯ ವ್ಯಾಸ 7.5 ಸೆಂಟಿಮೀಟರ್, ಅದನ್ನು ಕದಲಿಸಲು ಬೇಕಾದ ಭ್ರಾಮಕ 30 ನ್ಯೂಟನ್-ಮೀಟರ್ ಎಂದು ಇಟ್ಟುಕೊಳ್ಳಿ. ಡಬ್ಬಿಯ ಮೈಯನ್ನೇ ಹಿಡಿದು ತಿರುಗಿಸುವವನು ಅದರ ಅಂಚಿನಲ್ಲಿ 800 ನ್ಯೂಟನ್ ಬಲ ಹಾಕಬೇಕು. ಸುಮಾರು 80 ಕಿಲೋಗ್ರಾಂ ತೂಕಕ್ಕೆ ಸಮ. ಎಣ್ಣೆ ಸವರಿದ ಅಂಗೈಗೆ ಇದು ಸಾಧ್ಯವೆ? ಮಧ್ಯಬಿಂದುವಿನಿಂದ 20 ಸೆಂಟಿಮೀಟರ್ ದೂರದಲ್ಲಿ ಹಿಡಿಯಿದ್ದರೆ 150 ನ್ಯೂಟನ್ ಸಾಕು. ತುಂಬಿದ ಕೊಡವನ್ನು ಎತ್ತಬಲ್ಲವರೆಲ್ಲರಿಗೂ ಇದು ಸಾಧ್ಯ.

ಆದರೆ ಆ ಹಿಡಿಯು ನುಣುಪಾದ ಡಬ್ಬಿಯನ್ನು ಹಿಡಿದುಕೊಳ್ಳುವುದು ಹೇಗೆ? ಬೆದರಿದ ಎತ್ತಿನ ಹಗ್ಗವನ್ನು ಬರಿಗೈಯಲ್ಲಿ ಹಿಡಿದು ನಿಲ್ಲಲಾಗದವನೂ ಅದನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ನಿರಾಯಾಸವಾಗಿ ನಿಲ್ಲುವುದನ್ನು ಹಳ್ಳಿಯಿಂದ ಬಂದ ಓದುಗರು ಬಲ್ಲರು. ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನು ಇದಕ್ಕೆ ಸೂತ್ರವನ್ನು ಕೊಟ್ಟನು. ಘರ್ಷಣಾಂಕ 0.3 ಆಗಿದ್ದರೆ, ಒಂದು ಸುತ್ತಿಗೆ ಹಗ್ಗದ ಎರಡು ತುದಿಗಳ ಎಳೆತದ ಅನುಪಾತ ಸುಮಾರು 6.6, ಎರಡು ಸುತ್ತಿಗೆ ಸುಮಾರು 43. ಅಂಗಡಿಯಲ್ಲಿ ದೊರೆಯುವ ಪಟ್ಟಿಯ ರೆಂಚು ಈ ಗೂಟದ ಹಗ್ಗವೇ. ಎಳೆದಷ್ಟೂ ಅದು ಡಬ್ಬಿಯನ್ನು ಬಿಗಿಯಾಗಿ ಅಪ್ಪುತ್ತದೆ. ಮೊದಲು ಡಬ್ಬಿಯನ್ನು ಸಾಬೂನಿನಿಂದ ಒರೆಸಿ ಒಣಗಿಸಬೇಕು. ಪಟ್ಟಿಯ ಕೆಳಗೆ ಉಜ್ಜುಕಾಗದದ ತುಂಡೊಂದನ್ನು ಇಟ್ಟರೆ ಇನ್ನೂ ಒಳ್ಳೆಯದು. ಪಟ್ಟಿಯನ್ನು ಎಂಜಿನ್ನಿನ ಕಡೆಯ ಅಂಚಿನ ಬಳಿಯಲ್ಲಿ ಹಾಕಿರಿ; ಅಲ್ಲಿ ಒಳಗಿನ ದಪ್ಪ ತಟ್ಟೆಯ ಆಸರೆಯಿದೆ, ಬೇರೆಡೆ ತಗಡು ನಜ್ಜುಗುಜ್ಜಾಗುವುದು. ಡಬ್ಬಿಯ ಮುಚ್ಚಿದ ತುದಿಯನ್ನು ಎದುರಿಗಿಟ್ಟು ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಗಾಡಿಯ ಕೆಳಗೆ ಅಂಗಾತ ಮಲಗಿದವನಿಗೆ ಎಡಬಲ ಗೊಂದಲವಾಗುವುದು ಸಹಜ. ಎಷ್ಟೋ ಡಬ್ಬಿಗಳು ಹೀಗೆ ಇನ್ನಷ್ಟು ಬಿಗಿಯಾಗಿವೆ. (ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾರೂ ಮಲಗಕೂಡದು, ಭದ್ರವಾದ ಸ್ಟ್ಯಾಂಡುಗಳು ಬೇಕೇ ಬೇಕು.)

ಡಬ್ಬಿಗೆ ಸ್ಕ್ರೂಡ್ರೈವರನ್ನು ಅಡ್ಡಲಾಗಿ ಚುಚ್ಚಿ ತಿರುಗಿಸುವ ಉಪಾಯವೊಂದು ಬಹು ಪ್ರಸಿದ್ಧ. ಅದನ್ನು ನಾನು ಮೆಚ್ಚಲಾರೆ. ಸನ್ನೆಗೋಲಿನ ತತ್ತ್ವ ಅಲ್ಲಿಯೂ ಇದೆಯೆಂಬುದು ನಿಜ. ಆದರೆ ಬಲವೆಲ್ಲವೂ ಎರಡು ಸಣ್ಣ ತೂತುಗಳ ಅಂಚಿಗೆ ಬಿದ್ದು ತೆಳುತಗಡು ಕಾಗದದಂತೆ ಸೀಳುತ್ತದೆ. ಆ ಬಳಿಕ ಪಟ್ಟಿಗೆ ಹಿಡಿಯಲು ಡಬ್ಬಿಯೇ ಉಳಿಯದು. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದಕ್ಕೆ ಕೈಹಾಕಬೇಕು.

ಇಷ್ಟಕ್ಕೂ ಡಬ್ಬಿ ಕಚ್ಚಿಕೊಳ್ಳುವುದೇಕೆ? ಡಬ್ಬಿಗೂ ಎಂಜಿನ್ನಿಗೂ ನಡುವೆ ಗ್ಯಾಸ್ಕೆಟ್ ಎಂಬ ರಬ್ಬರಿನ ಬಳೆಯಿದೆ. ಒಣ ಬಳೆಯನ್ನು ತಿರುಗಿಸಿ ಕೂರಿಸಿದರೆ ಅದು ಜಾರದೆ ಲೋಹವನ್ನು ಕಚ್ಚಿ ತಿರುಚಿಕೊಳ್ಳುತ್ತದೆ. ಮುಂದೆ ತಿಂಗಳುಗಟ್ಟಲೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದು, ಚಪ್ಪಟೆಯಾಗಿ, ಅಂಟಿಕೊಳ್ಳುತ್ತದೆ. ಸೋರೀತೆಂಬ ಭಯದಿಂದ ಡಬ್ಬಿಯನ್ನು ರೆಂಚಿನಿಂದ ಬಿಗಿಯುವವರೂ ಉಂಟು. ಇದನ್ನು ಎಚ್ಚರಿಕೆಯೆಂದು ಹೊಗಳುವುದುಂಟು, ನಾನಂತೂ ಅಜ್ಞಾನವೆನ್ನುತ್ತೇನೆ. ಸೋರುವಿಕೆಯನ್ನು ತಡೆಯುವುದು ರಬ್ಬರಿನ ಹದವಾದ ಅದುಮುವಿಕೆ. ಬಳೆಗೆ ಹೊಸ ಎಣ್ಣೆಯನ್ನು ಬೆರಳಿನಿಂದ ಸವರಿ, ಅದು ಲೋಹವನ್ನು ಮುಟ್ಟಿದ ಬಳಿಕ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಕೈಯಿಂದಲೇ ತಿರುಗಿಸಿದರೆ ಸಾಕು. ಸರಿಯಾದ ಅಳತೆ ಡಬ್ಬಿಯ ಮೇಲೆಯೇ ಅಚ್ಚಾಗಿರುವುದುಂಟು. ಇಂದು ಬಿಗಿದ ಕೈಗೂ ಮುಂದೆ ಕಳಚಲು ಪರದಾಡುವ ಕೈಗೂ ಪರಿಚಯವಿರುವುದು ಅಪರೂಪ. ಆ ಉದಾಸೀನಕ್ಕೆ ಇದೇ ಕಾರಣವೋ ಏನೋ!

ಎಂಜಿನ್ನನ್ನು ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿದರೆ ಬಳೆ ಸ್ವಲ್ಪ ಮೆತ್ತಗಾಗುತ್ತದೆ. ಉಗುರುಬೆಚ್ಚಗಿದ್ದರೆ ಸಾಕು, ಕುದಿಯುವ ಎಣ್ಣೆ ಕೈಯನ್ನು ಸುಟ್ಟೀತು. ಡಬ್ಬಿ ಬಿಟ್ಟುಕೊಂಡೊಡನೆ ಹೊಸದನ್ನು ಹಾಕುವ ಆತುರ ಬೇಡ. ಹಳೆಯ ಬಳೆಯು ಡಬ್ಬಿಯೊಡನೆ ಬಂದಿದೆಯೇ ಎಂದು ನೋಡಿರಿ. ಬಾರದಿದ್ದರೆ ಅದು ಎಂಜಿನ್ನಿಗೇ ಅಂಟಿರುತ್ತದೆ. ಅದರ ಮೇಲೆ ಹೊಸ ಬಳೆಯನ್ನು ಕೂರಿಸಿದಲ್ಲಿ, ಪಂಪಿನ ಒತ್ತಡಕ್ಕೆ ಒಂದು ಬಳೆ ಹೊರಕ್ಕೆ ಜಾರಿ, ಎಣ್ಣೆಯೆಲ್ಲವೂ ಕೆಲವೇ ನಿಮಿಷಗಳಲ್ಲಿ ರಸ್ತೆಯ ಪಾಲಾಗಿ, ಬೇರಿಂಗುಗಳು ಒಣಗಿ ಕಚ್ಚಿಕೊಳ್ಳುವುವು. ಆಗ ಯಾವ ರೆಂಚೂ ಉಪಯೋಗಕ್ಕೆ ಬಾರದು.