ಬೀಗ ಮರೆವನ್ನು ಕ್ಷಮಿಸದು

ಕಂಪ್ಯೂಟರಿನ ಪಾಸ್‌ವರ್ಡ್ ಮರೆತರೆ ಯಂತ್ರವನ್ನು ಮತ್ತೆ ತೆರೆಯಲು ದಾರಿಗಳಿವೆ. ಒಳಗಿನ ಬರಹ ಉಳಿಯುವುದೇ ಎಂಬುದು ಬೇರೆ ಪ್ರಶ್ನೆ. ಹಿಂದೆ ತಿಳಿದವರು ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ ಕಡತಗಳನ್ನು ಹೊರತೆಗೆಯುತ್ತಿದ್ದರು. ಇಂದಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕೇ ಗೂಢಲಿಪಿಯಲ್ಲಿರುತ್ತದೆ. ಬಿಚ್ಚಿದರೆ ವಿಂಡೋಸಿನ ಬಿಟ್‌ಲಾಕರ್ 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಅದು ಕಳೆದುಹೋಗಿದ್ದರೆ ಮೈಕ್ರೋಸಾಫ್ಟ್ ಕೂಡ ಮರುಸೃಷ್ಟಿಸಿ ಕೊಡಲಾರದು.

ಕಳ್ಳನನ್ನು ತಡೆಯುವ ಬೀಗ ಒಡೆಯನ ಮಕ್ಕಳನ್ನೂ ತಡೆಯುತ್ತದೆ. ಹೊರನಾಡಿನಲ್ಲಿ ಕುಳಿತು ಬರೆಯುವ ನಮ್ಮ ಹಸ್ತಪ್ರತಿಗಳು ಈಗ ಈ ಪೆಟ್ಟಿಗೆಯಲ್ಲಿಯೇ ಇವೆ. ಮಕ್ಕಳಿಗೆ ಕನ್ನಡ ಲಿಪಿಯೇ ಅಪರಿಚಿತವಾದ ಮನೆಗಳಲ್ಲಿ ನಮ್ಮ ನಂತರ ಆ ಬೀಗ ತೆಗೆಸುವ ಶ್ರಮವನ್ನು ಯಾರು ಪಟ್ಟಾರು? ಆ ಅಂಕಿಗಳನ್ನು ಕಾಗದದಲ್ಲಿ ಬರೆದು ಮನೆಪತ್ರಗಳೊಡನೆ ಇಡುವುದು, ಬರಹದ ಇನ್ನೊಂದು ಪ್ರತಿಯನ್ನು ಬೇರೆಡೆ ಉಳಿಸುವುದು, ಇವೂ ಬರವಣಿಗೆಯ ಭಾಗವೇ ಆಗಬೇಕು.