ಮಂಡ್ಯದ ಸೊಸೆಯನ್ನು ಮೂದಲಿಸುವವರಿಗೆ

ಸುಮಲತಾ ಅಂಬರೀಶ್ ಅವರ ಮಾತು ಬಂದರೆ ಸಾಕು, 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಿಂದ ಪಕ್ಷೇತರರಾಗಿ ನಿಂತಾಗಿನ ಮೂದಲಿಕೆಗಳು ಇಂದಿಗೂ ನಾಲಗೆಯ ತುದಿಗೆ ಬರುತ್ತವೆ. ಅವರ ರಾಜಕೀಯದ ಬಗ್ಗೆ ನನಗೂ ತಕರಾರುಗಳಿವೆ. ಆದರೆ ಈ ದೂರುಗಳಲ್ಲಿ ಹೆಚ್ಚಿನವು ರಾಜಕೀಯದ್ದಲ್ಲ, ಅವರ ಮದುವೆಯದ್ದು.

ಆಕೆ ಗೌಡ್ತಿಯಲ್ಲ, ಆಂಧ್ರದ ಹೆಣ್ಣು ಎನ್ನುವುದು ಮೊದಲ ದೂರು. ಮನೆಮಾತು ತೆಲುಗು, ಹುಟ್ಟಿದ್ದು ಮದರಾಸಿನಲ್ಲಿ, ಹೌದು. 1991ರ ಡಿಸೆಂಬರ್ 8ರಂದು ನಟ, ರಾಜಕಾರಣಿ ಅಂಬರೀಶ್ ಕೈಹಿಡಿದು ಮಂಡ್ಯ ಜಿಲ್ಲೆಯ ದೊಡ್ಡರಸಿನಕೆರೆಯ ಮನೆತನಕ್ಕೆ ಸೊಸೆಯಾದದ್ದೂ ಅಷ್ಟೇ ನಿಜ. ಮಗಳನ್ನು ಧಾರೆ ಎರೆಯುವಾಗ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎನ್ನುವ ಹಿರಿಯರೇ ತಂದುಕೊಂಡ ಹೆಣ್ಣನ್ನೂ ಹೊರಗಿನವಳೆಂದರೆ ಆಕೆ ಯಾವ ಊರಿನವಳಾಗಬೇಕು? ಇನ್ನು ಹೊರಗಿನವರ ಲೆಕ್ಕವೇ ಬೇಕೆಂದರೆ, ಅದೇ ಚುನಾವಣೆಯಲ್ಲಿ ಹಾಸನದ ದೇವೇಗೌಡರು ತುಮಕೂರಿನಲ್ಲಿ ನಿಂತಿದ್ದರು. ಅವರ ಊರು ಯಾವುದೆಂದು ಈ ಮಂದಿ ಕೇಳಲಿಲ್ಲ.

ಎರಡನೆಯದು ನನಗೆ ಹೆಚ್ಚು ಸಿಟ್ಟು ತರಿಸುವ ಮಾತು: ಅಂಬರೀಶ್ ಹೆಂಡತಿ ಎನ್ನುವುದು ಬಿಟ್ಟರೆ ಆಕೆ ಯಾರು? ಮದುವೆಗೆ ಹನ್ನೊಂದು ವರ್ಷ ಮೊದಲೇ, 1980ರಲ್ಲಿ, ಡಾ. ರಾಜ್‌ಕುಮಾರ್ ಅವರ 'ರವಿಚಂದ್ರ'ದಲ್ಲಿ ಆಕೆ ಇದ್ದರು. ತೆಲುಗಿನಲ್ಲಿ ಕೆ. ವಿಶ್ವನಾಥ್ ನಿರ್ದೇಶನದ 'ಶುಭಲೇಖ', ಚಿರಂಜೀವಿಯ 'ಖೈದಿ'. ಮಲಯಾಳದಲ್ಲಿ ಪದ್ಮರಾಜನ್ ಅವರ 'ತೂವಾನತುಂಬಿಗಳ್' 1987ರಲ್ಲಿ ಬಂತು. ಅದರ ಕ್ಲಾರಾ ಪಾತ್ರವನ್ನು ಕೇರಳದವರು ಇಂದಿಗೂ ಮರೆತಿಲ್ಲ, ಅಲ್ಲಿ ಸುಮಲತಾ ಎಂದರೆ ಕ್ಲಾರಾ. ಮಂಡ್ಯದ ಸೊಸೆ ಎನ್ನುವುದು ಎಷ್ಟೋ ಜನಕ್ಕೆ ಆಮೇಲೆ ತಿಳಿದ ಸಂಗತಿ. ಅದೇ ವರ್ಷ ಜೋಶಿಯವರ 'ನ್ಯೂ ಡೆಲ್ಲಿ'ಯಲ್ಲಿ ಮಮ್ಮೂಟ್ಟಿಯ ಎದುರು ನಟಿಸಿದರು. ಆ ಚಿತ್ರ ಕನ್ನಡಕ್ಕೆ ಬಂದಾಗ ಮಮ್ಮೂಟ್ಟಿಯ ಜಾಗಕ್ಕೆ ಅಂಬರೀಶ್ ಬಂದರು, ಸುಮಲತಾ ಅವರ ಜಾಗದಲ್ಲಿ ಸುಮಲತಾ ಅವರೇ ಉಳಿದರು. ಯಾರ ಹೆಸರನ್ನು ಹಿಡಿದು ಯಾರು ಬಂದರು ಎನ್ನುವವರು ಈ ಎರಡು ಚಿತ್ರಗಳನ್ನು ಒಂದರ ಹಿಂದೊಂದು ನೋಡಲಿ.

ಗಂಡ ತೀರಿಕೊಂಡು ಕೆಲವೇ ತಿಂಗಳಾಗಿದೆ, ಇಷ್ಟು ಬೇಗ ರಾಜಕೀಯ ಬೇಕಿತ್ತೇ ಎಂದು ಸಚಿವರೊಬ್ಬರು ಕೇಳಿದ್ದರು. ಅಂಬರೀಶ್ ಹೋದದ್ದು 2018ರ ನವೆಂಬರ್ 24ರಂದು, ಮತದಾನ ಏಪ್ರಿಲ್‌ನಲ್ಲಿ. ಚುನಾವಣಾ ಆಯೋಗ ಯಾರ ಸೂತಕಕ್ಕೂ ಕಾಯುವುದಿಲ್ಲ. ತಂದೆ ಸತ್ತ ಮರುತಿಂಗಳೇ ಮಗ ನಾಮಪತ್ರ ಹಾಕಿದರೆ ಇದೇ ಬಾಯಿಗಳು ಅವನನ್ನು ಉತ್ತರಾಧಿಕಾರಿ ಎನ್ನುತ್ತವೆ.

ಕುಟುಂಬದ ಹೆಸರಿನ ಮೇಲೆ ಗೆದ್ದರು ಎನ್ನುವ ಆಪಾದನೆಗೆ ನಗಬೇಕೋ ಅಳಬೇಕೋ ತಿಳಿಯದು. ಎದುರಿಗಿದ್ದ ಜೆಡಿಎಸ್‌ನ ನಿಖಿಲ್ ಮಾಜಿ ಪ್ರಧಾನಿ ದೇವೇಗೌಡರ ಮೊಮ್ಮಗ, ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ, ಅವರೂ ಸಿನಿಮಾದವರೇ. ಅವರ ತಾಯಿ ಆಗ ರಾಮನಗರದ ಶಾಸಕಿ. ಹೆಂಡತಿಯಾಗಿ ರಾಜಕೀಯಕ್ಕೆ ಬರುವುದು ಅಲ್ಲಿ ಸರಿಯಾದದ್ದು ಮಂಡ್ಯದಲ್ಲಿ ಹೇಗೆ ತಪ್ಪಾಯಿತು?

ಅನುಕಂಪದ ಅಲೆ ಇತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಬಿಜೆಪಿ ಅಭ್ಯರ್ಥಿಯನ್ನೇ ಹಾಕದೆ ಬೆಂಬಲಿಸಿತು, ಜೆಡಿಎಸ್ ಜೊತೆಗಿನ ಮೈತ್ರಿಯಿಂದ ಮುನಿದ ಕಾಂಗ್ರೆಸ್ ಕಾರ್ಯಕರ್ತರೂ ಕೈಜೋಡಿಸಿದರು, ದರ್ಶನ್ ಮತ್ತು ಯಶ್ ಹಳ್ಳಿಹಳ್ಳಿ ತಿರುಗಿದರು. ಆದರೆ ಕ್ಷೇತ್ರದ ಎಂಟಕ್ಕೆ ಎಂಟು ವಿಧಾನಸಭಾ ಸ್ಥಾನಗಳೂ ಆಗ ಜೆಡಿಎಸ್ ಕೈಯಲ್ಲಿದ್ದವು. ಮತಯಂತ್ರದಲ್ಲಿ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಪಕ್ಷೇತರರಿದ್ದರು, ಅದು ಕಾಕತಾಳೀಯವೆಂದು ನಂಬುವಷ್ಟು ಮುಗ್ಧ ನಾನಲ್ಲ. ಇಷ್ಟರ ನಡುವೆಯೂ ಜನ 1,25,876 ಮತಗಳ ಅಂತರದಿಂದ ಗೆಲ್ಲಿಸಿದರು. ಅನುಕಂಪವೊಂದರಿಂದಲೇ ಅಷ್ಟು ಮತ ಬರುವುದಾದರೆ, ಸತ್ತ ನಾಯಕರ ಮನೆಯವರು ಯಾರೂ ಸೋಲಬಾರದಿತ್ತು.

ಉಳಿದದ್ದು 2024ರ ಮಾತು. ಯಾರ ವಿರುದ್ಧ ಸ್ವಾಭಿಮಾನದ ಕಹಳೆ ಊದಿದ್ದರೋ ಅದೇ ಕುಟುಂಬದ ಕುಮಾರಸ್ವಾಮಿಯವರಿಗೆ ಕ್ಷೇತ್ರ ಬಿಟ್ಟುಕೊಟ್ಟು ಬಿಜೆಪಿ ಸೇರಿದರಲ್ಲ ಎಂದು ಕೇಳುತ್ತೀರಿ. ಈ ಪ್ರಶ್ನೆ ಸರಿಯಾಗಿದೆ. ಅದನ್ನು ಮಾಜಿ ಸಂಸದೆಗೇ ಕೇಳಿ, ಉತ್ತರ ಕೊಡಬೇಕಾದವರು ಅವರು. ಅಂಬರೀಶರ ಹೆಂಡತಿಯನ್ನು ಅದರ ನಡುವೆ ಎಳೆಯಬೇಡಿ.